ಬಲೂನಿನ ಹೀಲಿಯಂ ಎಳೆದು ಮಾತಾಡುವ ತಮಾಷೆ: ಅಪಾಯ ನಿಜಕ್ಕೂ ಎಲ್ಲಿದೆ?

ಹೀಲಿಯಂ ವಿಷವಲ್ಲ. ಮೊದಲು ಇದನ್ನು ಹೇಳಿಬಿಡೋಣ. ಬಲೂನಿನ ಗ್ಯಾಸ್ ಎಳೆದು ಯಾರಿಗೋ ತೊಂದರೆಯಾಯಿತು ಎಂದರೆ ಸಾಕು, ‘ವಿಷಾನಿಲ’ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಮನೆಯಲ್ಲಿ ದೊಡ್ಡವರೂ ಮಕ್ಕಳನ್ನು ಹಾಗೇ ಹೆದರಿಸುತ್ತಾರೆ. ಆದರೆ ಮುಂದಿನ ಬರ್ತ್‌ಡೇ ಪಾರ್ಟಿಯಲ್ಲಿ ಮಗು ನೋಡುವುದೇ ಬೇರೆ. ಪಕ್ಕದ ಮನೆ ಅಣ್ಣ ಬಲೂನಿಗೆ ಬಾಯಿಟ್ಟು ಎಳೆಯುತ್ತಾನೆ, ಕೀಚು ದನಿಯಲ್ಲಿ ನಾಲ್ಕು ಮಾತಾಡುತ್ತಾನೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅಣ್ಣನಿಗೆ ಏನೂ ಆಗುವುದಿಲ್ಲ. ಅಲ್ಲಿಗೆ ದೊಡ್ಡವರ ಮಾತಿಗೆ ಬೆಲೆ ಹೋಯಿತು. ನಾಳೆ ಅದೇ ಮಗು ಸಿಲಿಂಡರಿನ ಪೈಪಿಗೇ ಬಾಯಿಡಲು ಹೋದಾಗ ತಡೆಯುವುದು ಹೇಗೆ?

ಅಪಾಯ ಇರುವುದು ನಿಜ. ಆದರೆ ಅದು ಗ್ಯಾಸಿನ ಗುಣದಲ್ಲಿಲ್ಲ. ಅದನ್ನು ಎಲ್ಲಿಂದ ಎಳೆಯುತ್ತೀರಿ, ಎಷ್ಟು ಸಲ ಎಳೆಯುತ್ತೀರಿ ಎಂಬುದರಲ್ಲಿದೆ. ನಮ್ಮ ದೇಶದಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಬಲೂನಿನಲ್ಲಿ ಇರುವುದು ಹೀಲಿಯಂ ಹೌದೋ ಅಲ್ಲವೋ?

ಹೀಲಿಯಂ ವಿಷವಲ್ಲ ಎಂಬುದಕ್ಕೆ ಆಸ್ಪತ್ರೆಗಳೇ ಸಾಕ್ಷಿ. 1930ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಆಲ್ವನ್ ಬರಾಕ್ ಅಸ್ತಮಾ ರೋಗಿಗಳಿಗೆ ಹೀಲಿಯಂ ಮತ್ತು ಆಕ್ಸಿಜನ್ ಬೆರೆಸಿ ಉಸಿರಾಡಿಸಿದರು. ಹೀಲಿಯಂ ಗಾಳಿಗಿಂತ ಏಳು ಪಟ್ಟು ಹಗುರ. ಹಾಗಾಗಿ ಕಿರಿದಾದ ಶ್ವಾಸನಾಳದಲ್ಲಿ ಸಲೀಸಾಗಿ ನುಗ್ಗುತ್ತದೆ, ರೋಗಿಗೆ ಉಸಿರೆಳೆಯುವ ಶ್ರಮ ಕಡಿಮೆಯಾಗುತ್ತದೆ. ‘ಹೀಲಿಯಾಕ್ಸ್’ ಎಂಬ ಈ ಮಿಶ್ರಣ ಇಂದಿಗೂ ಕೆಲವು ತುರ್ತು ಸಂದರ್ಭಗಳಲ್ಲಿ ಬಳಕೆಯಲ್ಲಿದೆ. ಸಮುದ್ರದ ಆಳದಲ್ಲಿ ಕೆಲಸ ಮಾಡುವ ಡೈವರ್‌ಗಳ ಕಥೆ ಇನ್ನೂ ದೊಡ್ಡದು. ಆಳಕ್ಕೆ ಹೋದಂತೆ ಮಾಮೂಲಿ ಗಾಳಿಯಲ್ಲಿನ ನೈಟ್ರೋಜನ್ ಅಮಲು ಏರಿಸತೊಡಗುತ್ತದೆ. ಅದರ ಜಾಗಕ್ಕೆ ಹೀಲಿಯಂ ಹಾಕುತ್ತಾರೆ. ಒತ್ತಡ ಏರಿಸಿದ ಕೋಣೆಯಲ್ಲೇ ಉಂಡು, ಮಲಗಿ, ದಿನಗಟ್ಟಲೆ ಅವರು ಹೀಲಿಯಂ ಬೆರೆತ ಗ್ಯಾಸನ್ನೇ ಉಸಿರಾಡುತ್ತಾರೆ. 2025ರ ಜುಲೈನಲ್ಲಿ ವಿಶಾಖಪಟ್ಟಣದಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ನಿಸ್ತಾರ್ ಹಡಗು ಇಂಥ ಆಳದ ಡೈವಿಂಗ್‌ಗೆಂದೇ ಕಟ್ಟಿದ್ದು.

ಈ ಎರಡೂ ಕಡೆ ಹೀಲಿಯಂ ಜೊತೆ ಆಕ್ಸಿಜನ್ ಇದೆ. ಅದೂ ಅಳೆದು ತೂಗಿ ಬೆರೆಸಿದ್ದು. ಬಲೂನಿನಲ್ಲಿ ಅದಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಪ್ರಾಣದ ಪ್ರಶ್ನೆ ನಿಂತಿರುವುದೂ ಇದರ ಮೇಲೆಯೇ.

ದನಿ ಬದಲಾಗುವುದು ಯಾಕೆ ಎಂಬುದನ್ನೂ ಬೇಗ ನೋಡಿಬಿಡೋಣ. ಹೀಲಿಯಂ ಧ್ವನಿತಂತುಗಳನ್ನು ವೇಗವಾಗಿ ಅದುರಿಸುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ತಂತುಗಳು ಹೆಚ್ಚುಕಡಿಮೆ ಮೊದಲಿನ ವೇಗದಲ್ಲೇ ಅದುರುತ್ತವೆ. ಬದಲಾಗುವುದು ಗಂಟಲು ಮತ್ತು ಬಾಯಿಯೊಳಗೆ ಶಬ್ದ ಮೊಳಗುವ ರೀತಿ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಶುದ್ಧ ಹೀಲಿಯಂನಲ್ಲಿ ಅದು ಸಾವಿರ ಮೀಟರಿನ ಹತ್ತಿರ. ವೇಗ ಹೆಚ್ಚಾದಾಗ ದನಿಯೊಳಗಿನ ಮೇಲಿನ ಕಂಪನಗಳು ಎದ್ದು ಕೇಳುತ್ತವೆ, ಕೆಳಗಿನವು ಅಡಗುತ್ತವೆ. ಹಾಗಾಗಿ ಅದೇ ಶ್ರುತಿಯ ಮಾತು ಕೀಚಲಾಗಿ ಕೇಳುತ್ತದೆ. ಗ್ಯಾಸ್ ಹೊರಗೆ ಹೋದ ಕೂಡಲೇ ದನಿ ಮೊದಲಿನಂತಾಗುತ್ತದೆ. ಗಂಟಲಿಗೆ ಇದರಿಂದ ಹಾನಿಯಿಲ್ಲ.

ಆ ದನಿ ಉಳಿಯುವುದು ಕೆಲವೇ ಸೆಕೆಂಡು. ಹತ್ತು ವರ್ಷದ ಹಿಂದೆ ಅಷ್ಟೇ ಸಾಕಿತ್ತು, ನಕ್ಕು ಮುಗಿಸುತ್ತಿದ್ದರು. ಈಗ ರೀಲ್ಸ್ ಮಾಡಬೇಕು. ಡೈಲಾಗ್ ಪೂರ್ತಿ ಅದೇ ದನಿಯಲ್ಲಿ ಬರಬೇಕು. ಅರ್ಧಕ್ಕೆ ದನಿ ಇಳಿದರೆ ಮತ್ತೊಂದು ಟೇಕ್. ಮಧ್ಯೆ ಮಾಮೂಲಿ ಗಾಳಿ ಎಳೆದರೆ ಎಫೆಕ್ಟ್ ಹೋಗುತ್ತದೆ ಎಂದು ಒಂದರ ಹಿಂದೆ ಒಂದು ಬಲೂನು ಖಾಲಿ ಮಾಡುತ್ತಾರೆ. ಬಲೂನಿನ ಮಟ್ಟಿಗೆ ನಿಜವಾದ ಅಪಾಯ ಶುರುವಾಗುವುದು ಇಲ್ಲಿ.

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ 21ರಷ್ಟು ಆಕ್ಸಿಜನ್ ಇರುತ್ತದೆ. ಬಲೂನಿನಿಂದ ಎಳೆದಾಗ ಶ್ವಾಸಕೋಶದಲ್ಲಿದ್ದ ಆಕ್ಸಿಜನ್ ತೆಳುವಾಗುತ್ತದೆ. ಒಮ್ಮೆ ಎಳೆದು ನಿಲ್ಲಿಸಿದರೆ ಆರೋಗ್ಯವಂತ ದೊಡ್ಡವರಿಗೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಸ್ವಲ್ಪ ತಲೆ ಹಗುರಾದಂತೆ ಅನಿಸಬಹುದು. ಆ ‘ತಲೆ ಹಗುರ’ ಎಂಬುದನ್ನೂ ಮಜಾದ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ಮಿದುಳಿಗೆ ಆಕ್ಸಿಜನ್ ಸಾಲುತ್ತಿಲ್ಲ ಎಂಬ ಸೂಚನೆ.

ಇಲ್ಲಿ ಜನ ಮಾಡುವ ಒಂದು ಲೆಕ್ಕಾಚಾರ ಪೂರ್ತಿ ತಪ್ಪು. ‘ನಾನು ಒಂದು ನಿಮಿಷ ಉಸಿರು ಹಿಡಿಯಬಲ್ಲೆ, ಒಂದು ನಿಮಿಷ ಹೀಲಿಯಂ ಎಳೆದರೆ ಏನಾಗುತ್ತದೆ?’ ಎಂಬ ಲೆಕ್ಕ. ಉಸಿರು ಹಿಡಿದಾಗ ಶ್ವಾಸಕೋಶದಲ್ಲಿ ಉಳಿದ ಗಾಳಿಯಿಂದ ರಕ್ತ ಆಕ್ಸಿಜನ್ ತೆಗೆದುಕೊಳ್ಳುತ್ತಲೇ ಇರುತ್ತದೆ. ಹೀಲಿಯಂ ಎಳೆದಾಗ ಆ ಉಳಿಕೆಯೇ ತೊಳೆದುಹೋಗುತ್ತದೆ. ಅಷ್ಟೇ ಅಲ್ಲ, ಶ್ವಾಸಕೋಶದಲ್ಲಿ ರಕ್ತಕ್ಕಿಂತ ಕಡಿಮೆ ಆಕ್ಸಿಜನ್ ಇದ್ದರೆ ಸಾಗಣೆ ಉಲ್ಟಾ ನಡೆಯುತ್ತದೆ. ರಕ್ತದಲ್ಲಿದ್ದ ಆಕ್ಸಿಜನ್ ಹೊರಗೆ ಬಂದು ಉಸಿರಿನ ಜೊತೆ ಹೋಗಿಬಿಡುತ್ತದೆ. ಹಾಗಾಗಿ ಪ್ರಜ್ಞೆ ತಪ್ಪುವುದು ಉಸಿರು ಹಿಡಿದವರಿಗಿಂತ ಎಷ್ಟೋ ಬೇಗ.

ದೇಹ ಎಚ್ಚರಿಸುವುದಿಲ್ಲವೇ? ಇಲ್ಲ. ಉಸಿರುಗಟ್ಟಿದಾಗ ನಮಗೆ ಆಗುವ ಒದ್ದಾಟ ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿದ್ದರಿಂದ ಬರುವುದು, ಆಕ್ಸಿಜನ್ ಕಡಿಮೆಯಾಗಿದ್ದರಿಂದ ಅಲ್ಲ. ಹೀಲಿಯಂ ಎಳೆಯುವಾಗ ಉಸಿರು ಆಡುತ್ತಲೇ ಇರುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತದೆ. ಅಲಾರಂ ಹೊಡೆಯುವುದೇ ಇಲ್ಲ. ‘ತಡೆಯೋಕೆ ಆಗದಿದ್ರೆ ನಿಲ್ಲಿಸ್ತೀನಿ’ ಎನ್ನುವವರು ನಂಬಿರುವ ಅಲಾರಂ ಇದೇ. ನಿಂತುಕೊಂಡೇ ಇದನ್ನು ಮಾಡುವವರು ಜಾಸ್ತಿ, ಹಾಗಾಗಿ ತಲೆ ಸುತ್ತಿ ನೆಲಕ್ಕೋ ಮೇಜಿನ ಅಂಚಿಗೋ ಬಡಿದುಕೊಳ್ಳುವುದು ಬೇರೆ.

ಮಕ್ಕಳ ವಿಷಯದಲ್ಲಿ ಅಳತೆಯೂ ಮುಖ್ಯ. ಪಾರ್ಟಿಗಳಲ್ಲಿ ಬಳಸುವ 11 ಇಂಚಿನ ಬಲೂನಿನಲ್ಲಿ ಸುಮಾರು 14 ಲೀಟರ್ ಗ್ಯಾಸ್ ಹಿಡಿಯುತ್ತದೆ. ದೊಡ್ಡವರ ಶ್ವಾಸಕೋಶದ ಪೂರ್ತಿ ಸಾಮರ್ಥ್ಯವೇ ಆರು ಲೀಟರಿನ ಆಸುಪಾಸು. ಐದಾರು ವರ್ಷದ ಮಗುವಿನದು ಎರಡು ಲೀಟರ್ ಇದ್ದರೆ ಹೆಚ್ಚು. ಅಂದರೆ ‘ಒಂದೇ ಬಲೂನು’ ಎಂಬ ಮಾತಿಗೆ ದೊಡ್ಡವರಲ್ಲಿ ಒಂದು ಅರ್ಥ, ಮಗುವಿನಲ್ಲಿ ಬೇರೆ ಅರ್ಥ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್ ಇರುವವರು ಒಂದು ಸಲವೂ ಎಳೆಯದಿರುವುದೇ ಸರಿ.

ಗ್ಯಾಸಿನೊಳಗೇ ಹೋಗಿ ಕೂರುವುದು ಇನ್ನೂ ಕೆಟ್ಟದ್ದು. 2006ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಜಾಹೀರಾತಿಗೆಂದು ಹಾರಿಸುವ ದೊಡ್ಡ ಹೀಲಿಯಂ ಬಲೂನನ್ನು ಕೆಳಗಿಳಿಸಿ ಅದರೊಳಗೆ ನುಸುಳಿದ್ದರು. ಅವರು ಸಿಕ್ಕಿದ್ದು ಶವವಾಗಿ. ಮುಚ್ಚಿದ ಕಾರು, ಕಿಟಕಿಯಿಲ್ಲದ ಸ್ಟೋರ್ ರೂಂ, ಲಿಫ್ಟ್, ಇಂಥ ಕಡೆ ಸಿಲಿಂಡರ್ ಸೋರಿದರೂ ತೊಂದರೆ ಇದೇ ಜಾತಿಯದು. ಹೀಲಿಯಂಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಅಡುಗೆ ಗ್ಯಾಸಿಗೆ ಬೇಕೆಂದೇ ಬೆರೆಸುವ ಕೆಟ್ಟ ವಾಸನೆಯೂ ಅದಕ್ಕಿಲ್ಲ.

ಇಷ್ಟು ಹೊತ್ತು ಹೇಳಿದ್ದು ಬಲೂನಿನ ವಿಷಯ. ಸಿಲಿಂಡರಿಗೆ ಬಾಯಿಡುವುದು ಪೂರ್ತಿ ಬೇರೆ ಕೆಲಸ. ಇದನ್ನು ಬಲೂನಿನ ಜೊತೆ ಒಂದೇ ತಕ್ಕಡಿಯಲ್ಲಿ ಇಡಬಾರದು.

ಕಾರಿನ ಟೈರಿನಲ್ಲಿ ಸುಮಾರು ಎರಡು ಬಾರ್ ಒತ್ತಡ ಇರುತ್ತದೆ. ತುಂಬಿದ ದೊಡ್ಡ ಹೀಲಿಯಂ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 150 ಬಾರ್ ಆಸುಪಾಸು. ಶ್ವಾಸಕೋಶ ಹರಿಯಲು ಎಷ್ಟು ಸಾಕು ಗೊತ್ತೇ? ಒಂದು ಬಾರಿನ ಹತ್ತನೇ ಒಂದು ಭಾಗ. ಡೈವಿಂಗ್ ಕಲಿಯುವವರಿಗೆ ಮೊದಲ ದಿನವೇ ಹೇಳುತ್ತಾರೆ, ಉಸಿರು ಹಿಡಿದು ಮೇಲೆ ಬರಬೇಡಿ ಎಂದು. ಸಿಲಿಂಡರಿನ ಗಾಳಿ ಎಳೆದು, ಉಸಿರು ಕಟ್ಟಿ, ಬರೀ ಒಂದೂಕಾಲು ಮೀಟರ್ ನೀರಿನಿಂದ ಮೇಲೆದ್ದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಅಷ್ಟು ಸೂಕ್ಷ್ಮ ಅಂಗ ಅದು.

ಬಲೂನು ತುಂಬುವ ನಳಿಕೆ ಮಾಡಿರುವುದೇ ಬೇಗ ತುಂಬಲಿ ಎಂದು. ಬಗ್ಗಿಸಿದರೆ ಗ್ಯಾಸ್ ರಭಸದಿಂದ ನುಗ್ಗುತ್ತದೆ. ‘ರೆಗ್ಯುಲೇಟರ್ ಇದೆಯಲ್ಲ’ ಎಂಬ ಸಮಾಧಾನ ಬೇಡ. ರೆಗ್ಯುಲೇಟರ್ ಒತ್ತಡವನ್ನು ಬಲೂನಿಗೆ ತಕ್ಕಂತೆ ಇಳಿಸಬಹುದು, ಮನುಷ್ಯನ ಎದೆಗೆ ತಕ್ಕಂತೆ ಅಲ್ಲ. ಹೀಗೆ ನುಗ್ಗಿದ ಗ್ಯಾಸ್ ಶ್ವಾಸಕೋಶದ ಪುಟ್ಟ ಗಾಳಿಚೀಲಗಳನ್ನು ಹರಿಯುತ್ತದೆ. ಹರಿದ ಜಾಗದಿಂದ ಅದು ಎದೆಗೂಡಿಗೆ ಸೇರಿದರೆ ಶ್ವಾಸಕೋಶ ಕುಸಿಯುತ್ತದೆ. ರಕ್ತನಾಳಕ್ಕೆ ಸೇರಿದರೆ ಗುಳ್ಳೆಗಳಾಗಿ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಮಿದುಳಿನ ರಕ್ತನಾಳದಲ್ಲಿ ಗುಳ್ಳೆ ಸಿಕ್ಕಿಕೊಂಡರೆ ಪಾರ್ಶ್ವವಾಯು ಹೊಡೆದಂತೆಯೇ. ಇದಕ್ಕೆ ಹತ್ತು ಸಲ ಎಳೆಯಬೇಕಿಲ್ಲ, ಒಂದೇ ಸಲ ಸಾಕು.

2012ರ ಫೆಬ್ರವರಿಯಲ್ಲಿ ಅಮೆರಿಕದ ಓರೆಗನ್ ರಾಜ್ಯದ ಮೆಡ್‌ಫೋರ್ಡ್‌ನಲ್ಲಿ ಒಂದು ಪಾರ್ಟಿ ನಡೆದಿತ್ತು. 14 ವರ್ಷದ ಹುಡುಗಿ ಗೆಳೆಯರ ಒತ್ತಾಯಕ್ಕೆ ಟ್ಯಾಂಕಿನಿಂದ ನೇರವಾಗಿ ಹೀಲಿಯಂ ಎಳೆದಳು. ಗ್ಯಾಸಿನ ಗುಳ್ಳೆ ಮಿದುಳಿಗೆ ಹೋಗುವ ರಕ್ತವನ್ನು ತಡೆದು ಆಕೆ ಸತ್ತಳು. 2015ರ ಜನವರಿಯಲ್ಲಿ ಜಪಾನಿನಲ್ಲಿ ಟಿವಿ ಅಸಾಹಿಯ ಕಾರ್ಯಕ್ರಮವೊಂದರ ಚಿತ್ರೀಕರಣ ನಡೆಯುತ್ತಿತ್ತು. ಹುಡುಗಿಯರ ಹಾಡಿನ ತಂಡದ 12 ವರ್ಷದ ಸದಸ್ಯೆಯೊಬ್ಬಳು ದನಿ ಬದಲಿಸಲೆಂದೇ ಮಾರುವ ಹೀಲಿಯಂ ಡಬ್ಬಿಯಿಂದ ಗ್ಯಾಸ್ ಎಳೆದು ಅಲ್ಲೇ ಬಿದ್ದಳು. ಮಿದುಳಿಗೆ ಗಾಳಿಗುಳ್ಳೆ ಸೇರಿತ್ತು. ಡಬ್ಬಿಯ ಮೇಲೆ ‘ದೊಡ್ಡವರಿಗೆ ಮಾತ್ರ’ ಎಂದು ಬರೆದಿತ್ತು. ವಾಹಿನಿ ಕ್ಷಮೆ ಕೇಳಿತು.

ಈ ಜಪಾನಿನ ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಶೇ 20ರಷ್ಟು ಆಕ್ಸಿಜನ್ ಬೆರೆಸಿಯೇ ಮಾರುತ್ತಾರೆ, ಉಸಿರುಗಟ್ಟದಿರಲಿ ಎಂದು. ಆದರೆ ಆಕ್ಸಿಜನ್ ಬೆರೆಸಿದರೆ ಉಸಿರುಗಟ್ಟುವ ಅಪಾಯಕ್ಕೆ ಉತ್ತರ ಸಿಗುತ್ತದೆ, ಒತ್ತಡದ ಅಪಾಯಕ್ಕೆ ಸಿಗುವುದಿಲ್ಲ. ‘ಸೇಫ್ ಹೀಲಿಯಂ’ ಎಂದು ಆನ್‌ಲೈನಿನಲ್ಲಿ ಏನಾದರೂ ಕಂಡರೆ ನೆನಪಿಡಬೇಕಾದ ವಿಷಯ ಇದು.

ಇನ್ನು ನಮ್ಮ ಊರಿಗೆ ಬರೋಣ. ಇಲ್ಲಿ ಚಿತ್ರವೇ ಬೇರೆ.

2020ರ ಸೆಪ್ಟೆಂಬರಿನಲ್ಲಿ ಚೆನ್ನೈನಲ್ಲಿ ಪ್ರಧಾನಿಯ ಹುಟ್ಟುಹಬ್ಬದ ಕಾರ್ಯಕ್ರಮಕ್ಕೆ ತಂದಿದ್ದ ಬಲೂನುಗಳ ಗೊಂಚಲು ಪಟಾಕಿಯ ಕಿಡಿ ತಗುಲಿ ಬೆಂಕಿಯ ಉಂಡೆಯಾಯಿತು. ಹಲವರಿಗೆ ಸುಟ್ಟ ಗಾಯಗಳಾದವು. ಆ ವಿಡಿಯೊ ದೇಶವೆಲ್ಲ ಓಡಾಡಿತು. ಎಷ್ಟೋ ಕಡೆ ಸುದ್ದಿಯ ತಲೆಬರಹ ‘ಹೀಲಿಯಂ ಬಲೂನು ಸ್ಫೋಟ’ ಎಂದೇ ಇತ್ತು. ಹೀಲಿಯಂ ಉರಿಯುವುದೇ ಇಲ್ಲ! ಅದು ಯಾವುದರ ಜೊತೆಗೂ ರಾಸಾಯನಿಕ ಕ್ರಿಯೆಗೆ ಇಳಿಯದ ಜಡ ಅನಿಲ. ಬೆಂಕಿಯ ಉಂಡೆ ಎದ್ದಿದೆ ಎಂದರೆ ಒಳಗಿದ್ದದ್ದು ಹೀಲಿಯಂ ಅಲ್ಲ, ಬಹುತೇಕ ಹೈಡ್ರೋಜನ್.

ಜಾತ್ರೆಗಳಲ್ಲಿ, ಪಾರ್ಕುಗಳ ಮುಂದೆ ಮಾರುವ ‘ಗ್ಯಾಸ್ ಬಲೂನ್’ಗಳಲ್ಲಿ ಎಷ್ಟೋ ಸಲ ಇರುವುದು ಇದೇ. ಕಾರಣ ಸರಳ, ದುಡ್ಡು. ಭಾರತ ತನಗೆ ಬೇಕಾದ ಹೀಲಿಯಂ ಅನ್ನು ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದ ತರಿಸುತ್ತದೆ. ಅದು ದೊಡ್ಡ ಪ್ರಮಾಣದಲ್ಲಿ ಸಿಗುವುದು ಕೆಲವು ನೈಸರ್ಗಿಕ ಅನಿಲದ ಬಾವಿಗಳಲ್ಲಿ ಮಾತ್ರ, ದೊಡ್ಡ ಉತ್ಪಾದಕರು ಅಮೆರಿಕ ಮತ್ತು ಕತಾರ್. (ಪಶ್ಚಿಮ ಬಂಗಾಳದ ಬಕ್ರೇಶ್ವರದ ಬಿಸಿನೀರ ಬುಗ್ಗೆಗಳಲ್ಲೂ ಹೀಲಿಯಂ ಇದೆ. ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸ್ ಅದರ ಅಧ್ಯಯನಕ್ಕೆ ಒತ್ತು ಕೊಟ್ಟಿದ್ದರು. ಆದರೆ ಅದು ದೇಶದ ಅಗತ್ಯಕ್ಕೆ ಸಾಲುವ ಮಾತಲ್ಲ.) 2017ರಲ್ಲಿ ಕತಾರಿಗೆ ನೆರೆಯ ದೇಶಗಳು ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳೇ ಕೆಲಕಾಲ ನಿಂತಿದ್ದವು. ಎಂಆರ್‌ಐ ಯಂತ್ರಗಳಿಗೆ, ಸಂಶೋಧನಾಲಯಗಳಿಗೆ, ಚಿಪ್ ಕಾರ್ಖಾನೆಗಳಿಗೆ ಬೇಕಾದ ಗ್ಯಾಸ್ ಇದು. ಬೀದಿಯಲ್ಲಿ ಬಲೂನು ಮಾರುವವನ ಕೈಗೆ ಎಟುಕುವ ಬೆಲೆಯಲ್ಲಿ ಸಿಗುವುದು ಹೇಗೆ?

ಹೈಡ್ರೋಜನ್ ಹಾಗಲ್ಲ. ಹಳೆಯ ಸಿಲಿಂಡರಿನೊಳಗೆ ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಚೂರು ಹಾಕಿ ಬೀದಿಬದಿಯಲ್ಲೇ ತಯಾರಿಸುವವರಿದ್ದಾರೆ. ಈ ಕ್ರಿಯೆ ಶುರುವಾದರೆ ಬಿಸಿ ಏರುತ್ತದೆ, ಒತ್ತಡ ಏರುತ್ತದೆ, ನಿಲ್ಲಿಸಲು ದಾರಿಯಿಲ್ಲ. ಒಳಗೆ ತುಕ್ಕು ಹಿಡಿದ, ಎಂದೂ ಪರೀಕ್ಷೆಯಾಗದ ಸಿಲಿಂಡರ್ ಅದನ್ನು ತಡೆಯಲಾರದೆ ಸಿಡಿಯುತ್ತದೆ. ಬಲೂನು ಸಿಲಿಂಡರ್ ಸಿಡಿದ ಸುದ್ದಿ ದೇಶದ ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇರುತ್ತದೆ. 2022ರ ಅಕ್ಟೋಬರಿನಲ್ಲಿ ತಿರುಚ್ಚಿಯ ಜನನಿಬಿಡ ಅಂಗಡಿ ಬೀದಿಯಲ್ಲಿ ಸಿಡಿದು ಒಬ್ಬರು ಸತ್ತರು. 2025ರ ಡಿಸೆಂಬರ್ 25ರ ರಾತ್ರಿ ಮೈಸೂರು ಅರಮನೆಯ ಜಯಮಾರ್ತಾಂಡ ದ್ವಾರದ ಬಳಿ ಸಿಡಿದು ಬಲೂನು ಮಾರುವವನು ಸ್ಥಳದಲ್ಲೇ ಸತ್ತ, ರಜೆಗೆಂದು ಅರಮನೆ ನೋಡಲು ಬಂದವರೂ ಗಾಯಗೊಂಡರು. ಎರಡೂ ಕಡೆ ಸುದ್ದಿಯಾಗಿದ್ದು ‘ಹೀಲಿಯಂ ಸಿಲಿಂಡರ್’ ಎಂದು. ಶುದ್ಧ ಹೀಲಿಯಂ ತುಂಬಿದ ಸಿಲಿಂಡರ್ ಕೂಡ ಲೋಹ ಸವೆದಿದ್ದರೆ ಬರೀ ಒತ್ತಡಕ್ಕೆ ಸಿಡಿಯಬಹುದು, ಅದು ಸರಿ. ಆದರೆ ಬೀದಿಯ ಸಿಲಿಂಡರ್ ಸಿಡಿದಾಗಲೆಲ್ಲ ಮೊದಲು ಕೇಳಬೇಕಾದದ್ದು ‘ಒಳಗಿದ್ದದ್ದು ಏನು?’ ಎಂದು. ಹೀಲಿಯಂ ಎಂದು ನಾವೇ ತೀರ್ಪು ಕೊಟ್ಟುಬಿಟ್ಟರೆ ಆ ಪ್ರಶ್ನೆ ಅಲ್ಲೇ ಮುಚ್ಚಿಹೋಗುತ್ತದೆ.

ಗ್ಯಾಸ್ ಎಳೆಯುವವರಿಗೆ ಇದರಿಂದ ಏನು? ಬಲೂನನ್ನು ಕೈಯಲ್ಲಿ ಹಿಡಿದು ಇದು ಯಾವ ಗ್ಯಾಸ್ ಎಂದು ಹೇಳಲು ಆಗುವುದಿಲ್ಲ. ಹೈಡ್ರೋಜನ್ ಹೀಲಿಯಂನ ಅರ್ಧದಷ್ಟೇ ತೂಕ, ಹಾಗಾಗಿ ಎರಡು ಪಟ್ಟು ಜೋರಾಗಿ ಏರುತ್ತದೆ ಅನ್ನಿಸಬಹುದು. ಹಾಗಿಲ್ಲ. ಬಲೂನನ್ನು ಮೇಲೆತ್ತುವುದು ಅದು ಪಕ್ಕಕ್ಕೆ ಸರಿಸಿದ ಗಾಳಿಯ ತೂಕ. ಅದರ ಮುಂದೆ ಈ ಎರಡು ಗ್ಯಾಸುಗಳ ತೂಕವೂ ತೀರಾ ಕಡಿಮೆ. ಏರುವ ಬಲದಲ್ಲಿ ವ್ಯತ್ಯಾಸ ಶೇ 8ರಷ್ಟು ಮಾತ್ರ. ದನಿಯಿಂದಲೂ ಗೊತ್ತಾಗುವುದಿಲ್ಲ, ಹೈಡ್ರೋಜನ್ ಎಳೆದರೂ ದನಿ ಕೀಚಲೇ. ಆದರೆ ಹೈಡ್ರೋಜನ್ ಗಾಳಿಯಲ್ಲಿ ಶೇ 4ರಿಂದ ಶೇ 75ರವರೆಗೆ ಎಷ್ಟೇ ಬೆರೆತಿದ್ದರೂ ಹೊತ್ತಿಕೊಳ್ಳುತ್ತದೆ. ಸಿಂಥೆಟಿಕ್ ಬಟ್ಟೆಯ ಒಂದು ಸಣ್ಣ ಕಿಡಿ ಸಾಕು. ಈಗ ದೃಶ್ಯ ಊಹಿಸಿಕೊಳ್ಳಿ. ಮೇಜಿನ ಮೇಲೆ ಕೇಕು, ಕೇಕಿನ ಮೇಲೆ ಮೊಂಬತ್ತಿ, ಪಕ್ಕದಲ್ಲಿ ಬಲೂನಿಗೆ ಬಾಯಿಟ್ಟ ಹುಡುಗ. ಬೀದಿಯಲ್ಲಿ ತಯಾರಾದ ಗ್ಯಾಸಾಗಿದ್ದರೆ ಅದರ ಜೊತೆ ಕಾಸ್ಟಿಕ್ ಸೋಡಾದ ಸಣ್ಣ ಹನಿಗಳೂ ಗಂಟಲಿಗೆ ಬರಬಹುದು. ಹಾಗಾಗಿ ‘ಒಂದು ಸಲ ಎಳೆದರೆ ಏನೂ ಆಗಲ್ಲ’ ಎಂಬ ವಿದೇಶಿ ವಿಡಿಯೊಗಳ ಮಾತು, ಅಲ್ಲಿಯ ಮಟ್ಟಿಗೆ ಅರ್ಧ ನಿಜವಾದರೂ, ನಮ್ಮ ಜಾತ್ರೆಯ ಬಲೂನಿಗೆ ಹೊಂದುವುದಿಲ್ಲ.

ಕಾನೂನು ಇಲ್ಲವೇ ಎಂದರೆ ಇದೆ. ಗ್ಯಾಸ್ ಸಿಲಿಂಡರ್ ನಿಯಮಗಳು 2016, ಅದನ್ನು ನೋಡಿಕೊಳ್ಳಲು ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ ಎಂಬ ಕೇಂದ್ರ ಸಂಸ್ಥೆ. ಸಿಲಿಂಡರಿಗೆ ಒಪ್ಪಿಗೆ ಬೇಕು, ಕಾಲಕಾಲಕ್ಕೆ ಒತ್ತಡ ಪರೀಕ್ಷೆಯಾಗಬೇಕು, ಪರವಾನಗಿ ಇದ್ದ ಕಡೆ ಮಾತ್ರ ತುಂಬಬೇಕು. ಆದರೆ ಸೈಕಲ್ಲಿಗೆ ಸಿಲಿಂಡರ್ ಕಟ್ಟಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗುವವನನ್ನು ನಾಗಪುರ ಹಿಡಿಯಲಾರದು. ಹಿಡಿಯಬೇಕಾದವರು ಜಾತ್ರೆಯಲ್ಲಿ ಅಂಗಡಿಗೆ ಜಾಗ ಕೊಡುವ ಪಂಚಾಯಿತಿ, ನಗರಸಭೆ, ಬಂದೋಬಸ್ತಿಗೆ ನಿಂತ ಪೊಲೀಸರು. ಸಿಲಿಂಡರಿನ ಭುಜದ ಮೇಲೆ ಪರೀಕ್ಷೆಯ ದಿನಾಂಕ ಕೆತ್ತಿದೆಯೇ, ಗ್ಯಾಸ್ ತುಂಬಿಸಿದ ಬಿಲ್ ಇದೆಯೇ, ಇವೆರಡನ್ನು ಕೇಳಿದರೂ ಅರ್ಧ ಕೆಲಸ ಆಗುತ್ತದೆ. ಬಡ ಮಾರಾಟಗಾರನನ್ನು ಓಡಿಸುವುದು ಇದರ ಅರ್ಥವಲ್ಲ. ಆ ಸಿಲಿಂಡರಿಗೆ ಎಲ್ಲರಿಗಿಂತ ಹತ್ತಿರ ನಿಂತಿರುವವನು ಅವನೇ.

ನಗರಗಳಲ್ಲಿ ಇನ್ನೊಂದು ಅಭ್ಯಾಸ ಬೆಳೆದಿದೆ. ಡೆಕೊರೇಷನ್‌ನವರು ಸಿಲಿಂಡರನ್ನೇ ತಂದು ಪಾರ್ಟಿ ಹಾಲಿನಲ್ಲೋ ಮನೆಯಲ್ಲೋ ಬಿಟ್ಟು, ಮರುದಿನ ಬಂದು ಒಯ್ಯುತ್ತಾರೆ. ನನ್ನ ಪ್ರಕಾರ ನಿಲ್ಲಿಸಬೇಕಾದ ಮೊದಲ ಸಂಗತಿ ಇದು. ದೊಡ್ಡವರು ಊಟದ ಕಡೆ ಹೋದಾಗ ಹತ್ತರಿಂದ ಹದಿನೈದು ವರ್ಷದ ಮಕ್ಕಳ ಕೈಗೆ ತುಂಬಿದ ಸಿಲಿಂಡರ್ ಸಿಗುವುದು ಹೀಗೇ. ಬಲೂನು ತುಂಬಿಸಿಕೊಳ್ಳಿ, ಸಿಲಿಂಡರನ್ನು ಅವರ ಜೊತೆಗೇ ವಾಪಸ್ ಕಳಿಸಿ. ಇಟ್ಟುಕೊಳ್ಳಲೇಬೇಕು ಎಂದಾದರೆ ವಾಲ್ವ್ ಮುಚ್ಚಿ, ನಳಿಕೆ ಬಿಚ್ಚಿಟ್ಟು, ಬೀಳದಂತೆ ಕಟ್ಟಿ ಇಡಿ.

ಯಾರಾದರೂ ಗ್ಯಾಸ್ ಎಳೆದು ಕುಸಿದರೆ ಮೊದಲು ವಾಲ್ವ್ ಮುಚ್ಚಬೇಕು, ಕಿಟಕಿ ಬಾಗಿಲು ತೆರೆಯಬೇಕು, ಆಗುವಂತಿದ್ದರೆ ಬಯಲಿಗೆ ತರಬೇಕು. ಹೈಡ್ರೋಜನ್ ಇರಬಹುದು ಎಂಬ ಅನುಮಾನವಿದ್ದರೆ ಸ್ವಿಚ್ ಮುಟ್ಟಬಾರದು, ಬೆಂಕಿ ಹತ್ತಿರ ಇರಬಾರದು. ಅಂಗಾತ ಮಲಗಿಸಿ 108 ಅಥವಾ 112ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವ ತುರ್ತು ಚಿಕಿತ್ಸೆ) ಗೊತ್ತಿರುವವರು ಕೂಡಲೇ ಶುರು ಮಾಡಬೇಕು. ಬಾಯಿಗೆ ನೀರು ಹಾಕಬೇಡಿ.

ಬಲೂನಿನಿಂದ ಎಳೆದು ತಲೆ ಸುತ್ತಿದವರು ಒಳ್ಳೆ ಗಾಳಿಯಲ್ಲಿ ಸಾಮಾನ್ಯವಾಗಿ ಬೇಗ ಚೇತರಿಸಿಕೊಳ್ಳುತ್ತಾರೆ. ಸಿಲಿಂಡರಿನಿಂದ ಎಳೆದವರು ಎದ್ದು ಕೂತು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಎದೆನೋವು, ಕೆಮ್ಮಿದರೆ ರಕ್ತ, ಕತ್ತಿನ ಚರ್ಮ ಊದಿ ಒತ್ತಿದರೆ ಚರಪರ ಅನ್ನುವುದು, ಮಾತು ತೊದಲುವುದು, ಒಂದು ಕೈ ಸೋತಂತಾಗುವುದು, ಕಣ್ಣು ಮಂಜಾಗುವುದು, ಇವೆಲ್ಲ ಶ್ವಾಸಕೋಶ ಹರಿದಿರುವ ಅಥವಾ ಗುಳ್ಳೆ ಮಿದುಳಿಗೆ ಹೋಗಿರುವ ಲಕ್ಷಣ. ಗುಳ್ಳೆಗೆ ಇರುವ ಚಿಕಿತ್ಸೆ ಮಾಮೂಲಿ ಪಾರ್ಶ್ವವಾಯುವಿನದಲ್ಲ. ಒತ್ತಡ ಏರಿಸಿದ ಕೋಣೆಯಲ್ಲಿ ಆಕ್ಸಿಜನ್ ಕೊಡಬೇಕು, ಆದಷ್ಟು ಬೇಗ. ಅಂಥ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇಲ್ಲ. ಎಲ್ಲಿಗೆ ಕಳಿಸಬೇಕು ಎಂದು ವೈದ್ಯರು ತೀರ್ಮಾನಿಸಬೇಕಾದರೆ ಅವರಿಗೆ ನಡೆದದ್ದು ಗೊತ್ತಿರಬೇಕು. ಮಕ್ಕಳು ಬೈಗುಳಕ್ಕೆ ಹೆದರಿ ‘ಸುಮ್ನೆ ತಲೆ ಸುತ್ತಿತು’ ಎನ್ನುತ್ತಾರೆ, ಜೊತೆಯಲ್ಲಿದ್ದವರೂ ಬಾಯಿ ಬಿಡುವುದಿಲ್ಲ. ಹದಿನಾಲ್ಕರ ಹುಡುಗನೊಬ್ಬ ಕೈ ಸೋತು ಬಂದರೆ, ಸಿಲಿಂಡರಿಗೆ ಬಾಯಿಟ್ಟಿದ್ದ ಎಂದು ಯಾರೂ ಹೇಳದಿದ್ದರೆ, ಆ ಕಾರಣ ವೈದ್ಯರಿಗೆ ಹೊಳೆಯುವುದು ಕಷ್ಟ. ಬೈಯುವುದನ್ನು ನಾಳೆಗೆ ಇಟ್ಟುಕೊಂಡು, ಬಲೂನಿನಿಂದಲೋ ಸಿಲಿಂಡರಿನಿಂದಲೋ ಎಂಬುದನ್ನು ಮೊದಲು ಕೇಳಿಕೊಳ್ಳಿ.